ಮಿಡಿ ಸೌತೆಯ ಜಾಡು ಹಿಡಿದು ಜಾಗತಿಕ ಮಾರ್ಕೆಟಿಂಗ್: ಇಲ್ಲಿವರೆಗಿನ ಪ್ರಗತಿ

ಜಾಗತಿಕ ಮಾರ್ಕೆಟಿಂಗ್‌ನ ಮೂಲಪಾಠಗಳನ್ನು ಒಂದೇ ಒಂದು ಸರಕು ಹಿಡಿದುಕೊಂಡು ಕಲಿಯಬೇಕು ಅನ್ನುವುದು ಈ ಪ್ರಾಜೆಕ್ಟ್. ಆರಿಸಿಕೊಂಡಿದ್ದು ಗರ್ಕಿನ್, ಅಂದರೆ ಮಿಡಿ ಸೌತೆ. ನಮ್ಮ ಸಂತೆಯಲ್ಲಿ ಇದಕ್ಕೆ ಗಿರಾಕಿ ಇಲ್ಲ. ಬೆಳೆದದ್ದು ಹೆಚ್ಚುಕಡಿಮೆ ಪೂರ್ತಿ ಹೊರದೇಶಕ್ಕೆ ಹೋಗುತ್ತದೆ. ಹಾಗಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಸರಕು ಸಿಗುವುದು ಕಷ್ಟ.

ಹಿನ್ನೆಲೆ ಓದುವ ಕೆಲಸ ಮುಗಿದಿದೆ. 1990ರ ದಶಕದ ಆರಂಭದಲ್ಲಿ ಈ ಬೆಳೆ ಕರ್ನಾಟಕದಲ್ಲಿ ಶುರುವಾಯಿತು. ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೂ ಹಬ್ಬಿತು. ಕೇಂದ್ರ ಸರ್ಕಾರ ಕೊಟ್ಟ ಲೆಕ್ಕದ ಪ್ರಕಾರ 2020-21ರಲ್ಲಿ ಸೌತೆ ಮತ್ತು ಗರ್ಕಿನ್ ರಫ್ತು 2,23,515 ಟನ್, ಅದರ ಬೆಲೆ 22.3 ಕೋಟಿ ಡಾಲರ್. ಸುಮಾರು 90,000 ಸಣ್ಣ ರೈತರು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ಬೆಳೆಯುತ್ತಾರೆ. ಯುರೋಪಿನಲ್ಲಿ ಇದು ಬೇಸಿಗೆಯ ಬೆಳೆ. ನಮ್ಮಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬೆಳೆ ತೆಗೆಯಬಹುದು, ದಿನಾ ಕೈಯಲ್ಲಿ ಕೀಳುವುದಕ್ಕೆ ಜನರೂ ಸಿಗುತ್ತಾರೆ. ಖರೀದಿದಾರರು ಇಲ್ಲಿಗೆ ಬಂದಿದ್ದು ಅದಕ್ಕೇ.

ಜಾಸ್ತಿ ಸಮಯ ಹೋಗಿದ್ದು ನಿಯಮಗಳ ಭಾಗಕ್ಕೆ, ಹೋಗಬೇಕಾದದ್ದೂ ಅಲ್ಲಿಗೇ. ಅಂತರರಾಷ್ಟ್ರೀಯ ವ್ಯಾಪಾರದ ಪರಿಸರ ಅಂದ ಕೂಡಲೇ ಪಠ್ಯಗಳಲ್ಲಿ ರಾಜಕೀಯ, ಕಾನೂನು, ಆರ್ಥಿಕತೆ, ಸಂಸ್ಕೃತಿ ಅಂತ ಪಟ್ಟಿ ಬರುತ್ತದೆ. ಆ ಪಟ್ಟಿ ಹೊಲದಲ್ಲಿ ಹೇಗೆ ಕಾಣುತ್ತದೆ ಅನ್ನುವುದು ನನಗೆ ಬೇಕಿತ್ತು. ಯುರೋಪಿಯನ್ ಒಕ್ಕೂಟದಲ್ಲಿ ಒಂದು ಕೀಟನಾಶಕಕ್ಕೆ ಬೇರೆ ಮಿತಿ ಹೇಳಿಲ್ಲದಿದ್ದರೆ, ಕೆಜಿ ಆಹಾರದಲ್ಲಿ 0.01 ಮಿಲಿಗ್ರಾಂಗಿಂತ ಜಾಸ್ತಿ ಉಳಿಕೆ ಇರುವಂತಿಲ್ಲ. ಅಂದರೆ ಆ ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ನಲ್ಲಿ ಬರೆದ ಒಂದು ಸಂಖ್ಯೆ ನಮ್ಮ ಸೋದರಮಾವನ ಹೊಲದಲ್ಲಿ ಯಾವ ಔಷಧಿ ಹೊಡೆಯಬೇಕು, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅನ್ನುವುದನ್ನು ತೀರ್ಮಾನ ಮಾಡುತ್ತದೆ. ಬೀಜ, ಗೊಬ್ಬರ, ಔಷಧಿ ಎಲ್ಲವನ್ನೂ ಕಂಪನಿಯೇ ಕೊಟ್ಟು, ಅದರ ಸಿಬ್ಬಂದಿ ಬಂದು ಪುಸ್ತಕದಲ್ಲಿ ಬರೆದುಕೊಂಡು ಹೋಗುವುದಕ್ಕೆ ಇದೇ ಕಾರಣ. ಬೇಲಿಯಾಚೆ ಟೊಮೆಟೊ ಬೆಳೆಯುವವರಿಗೆ ಈ ಯಾವ ಕಟ್ಟುಪಾಡೂ ಇಲ್ಲ.

ಅಮೆರಿಕದ ದಾರಿ ಬೇರೆ. ಜಾಡಿಯಲ್ಲಿ ಹುಳಿ ಹಾಕಿಟ್ಟ ತರಕಾರಿಯ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ) 4.6 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಅಷ್ಟು ಹುಳಿಯಲ್ಲಿ ಬೊಟುಲಿಸಂ ಅನ್ನುವ ಜೀವಕ್ಕೇ ಅಪಾಯದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆದು ವಿಷ ಮಾಡಲಾರದು. ಕಾರ್ಖಾನೆ ಎಲ್ಲೇ ಇರಲಿ, ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಬಳಿ ನೋಂದಾಯಿಸಿಕೊಂಡು ತಯಾರಿಕೆಯ ಕ್ರಮವನ್ನೂ ಸಲ್ಲಿಸಬೇಕು. ಜಾಹೀರಾತು, ಬ್ರ್ಯಾಂಡ್ ಅನ್ನುವ ಮಾತೆಲ್ಲ ಇದಾದ ಮೇಲೆ. ವಿದೇಶದಲ್ಲಿ ನಮ್ಮ ಮೊದಲ ಗಿರಾಕಿ ತಿನ್ನುವವರಲ್ಲ, ಖರೀದಿದಾರರ ಗುಣಮಟ್ಟ ನೋಡುವವರು. ಈ ಪ್ರಾಜೆಕ್ಟ್‌ನಲ್ಲಿ ನನಗೆ ಗಟ್ಟಿಯಾಗಿ ಸಿಕ್ಕ ವಿಷಯ ಇದು.

ರುಚಿಯ ಭಾಗ ಅರ್ಧ ಆಗಿದೆ. 1983ರಲ್ಲಿ ಮಾರ್ಕೆಟಿಂಗ್ ಪ್ರಾಧ್ಯಾಪಕ ಥಿಯೊಡೋರ್ ಲೆವಿಟ್ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ವಾದ ಮುಂದಿಟ್ಟಿದ್ದರು: ಜಗತ್ತಿನ ಜನರ ಬೇಡಿಕೆ ಒಂದೇ ಥರ ಆಗುತ್ತಿದೆ, ಎಲ್ಲ ಕಡೆ ಒಂದೇ ಸರಕು ಮಾರಿ ಅಂತ. ಹೊರದೇಶದಲ್ಲಿರುವ ಸಂಬಂಧಿಕರು ಕಳಿಸಿದ ಜಾಡಿಗಳ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಫ್ರಾನ್ಸ್‌ನವರಿಗೆ ಕಿರುಬೆರಳಿಗಿಂತ ಸಣ್ಣ ಕಾಯಿ ಬೇಕು, ಚೆನ್ನಾಗಿ ಹುಳಿ ಇರಬೇಕು. ಜರ್ಮನಿಯಲ್ಲಿ ಸ್ವಲ್ಪ ಸಿಹಿ, ಸಾಸಿವೆ ಕಾಳು, ಸಬ್ಬಸಿಗೆ. ಅಮೆರಿಕದಲ್ಲಿ ಬೆಳ್ಳುಳ್ಳಿ ಹಾಕಿದ್ದೂ ಇದೆ, ಬರ್ಗರ್‌ಗೆ ಅಂತ ಬಿಲ್ಲೆ ಮಾಡಿದ್ದೂ ಇದೆ. ಆದರೆ ಕಾಯಿಯ ಲೆಕ್ಕ ಮಾತ್ರ ಎಲ್ಲ ಕಡೆ ಒಂದೇ: ಕೆಜಿಗೆ ಎಷ್ಟು ಕಾಯಿ ಬರುತ್ತದೆ ಅನ್ನುವುದರ ಮೇಲೆ ಗ್ರೇಡು. ಕೆಜಿಗೆ 160ಕ್ಕಿಂತ ಜಾಸ್ತಿ ಬರುವ ಸಣ್ಣ ಕಾಯಿಗೆ ಒಳ್ಳೆಯ ರೇಟು. ಒಂದು ದಿನ ಕೀಳದೆ ಬಿಟ್ಟರೆ ಅದೇ ಕಾಯಿ ಉಬ್ಬಿ ಕೆಳಗಿನ ಗ್ರೇಡಿಗೆ ಇಳಿಯುತ್ತದೆ. ನನ್ನ ಪ್ರಕಾರ ಲೆವಿಟ್ ಮಾತು ಕಾಯಿಯ ಮಟ್ಟಿಗೆ ನಿಜ, ಅದನ್ನು ಮುಳುಗಿಸಿಡುವ ನೀರಿನ ಮಟ್ಟಿಗೆ ನಿಜ ಅಲ್ಲ.

ಇನ್ನು ಡ್ರಮ್ಮಿನ ವಿಷಯ. ಉಪ್ಪುನೀರು ಹಾಕಿ ದೊಡ್ಡ ಡ್ರಮ್ಮಿನಲ್ಲಿ ಕಳಿಸುವ ಕಾಯಿ, ಹಾಗೇ ತಿನ್ನಲು ಆಗದಂತಿದ್ದರೆ, ಕಸ್ಟಮ್ಸ್‌ನ ಸರಕುಪಟ್ಟಿಯಲ್ಲಿ 0711 ಶೀರ್ಷಿಕೆಗೆ ಬರುತ್ತದೆ. ವಿನಿಗರ್‌ನಲ್ಲಿ ಸಿದ್ಧವಾದ ಜಾಡಿ 2001ಕ್ಕೆ. ಕಾಯಿ ಒಂದೇ, ಕೋಡ್ ಎರಡು, ಸುಂಕವೂ ಬೇರೆ ಆಗಬಹುದು. ಡ್ರಮ್ಮಿನಲ್ಲಿ ಹೋದದ್ದು ಅಲ್ಲಿ ಜಾಡಿಗೆ ಬಿದ್ದು ಅಲ್ಲಿಯವರ ಹೆಸರಲ್ಲಿ ಮಾರಾಟವಾಗುತ್ತದೆ. ಜರ್ಮನಿಯ ಸ್ಪ್ರೇವಾಲ್ಡ್ ಪ್ರದೇಶದ ಸೌತೆಗೆ 1999ರಿಂದ ಯುರೋಪಿನಲ್ಲಿ ಭೌಗೋಳಿಕ ಹೆಸರಿನ ರಕ್ಷಣೆ ಇದೆ. ತುಮಕೂರು, ದಾವಣಗೆರೆ, ಹಾವೇರಿ ಕಡೆ ಬೆಳೆದ ಕಾಯಿಯ ಊರು ಯಾವ ಜಾಡಿಯ ಮೇಲೂ ನನಗೆ ಕಂಡಿಲ್ಲ. ಇದು ಬದಲಾಗಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ. ಸುಲಭ ಅಲ್ಲ ನಿಜ. ಅಂಗಡಿಯ ಕಪಾಟಿನಲ್ಲಿ ಜಾಗ ಹಿಡಿಯಲು ಹಣ ಬೇಕು, ವರ್ಷಗಟ್ಟಲೆ ತಾಳ್ಮೆ ಬೇಕು. ಆದರೂ ಕೆಲವು ಕಂಪನಿಗಳು ತಿನ್ನಲು ಸಿದ್ಧವಾದ ಜಾಡಿಯನ್ನೇ ಇಲ್ಲಿಂದ ಕಳಿಸುತ್ತಿವೆ, ದಾರಿ ಅಂತೂ ಇದೆ.

ಅಪಾಯಗಳ ಹಾಳೆ ಚಿಕ್ಕದಾಗಿ ತುಂಬಿದ್ದೇನೆ. 2022ರಲ್ಲಿ ರಷ್ಯಾದ ಹಲವು ಬ್ಯಾಂಕುಗಳು ದೇಶದೇಶಗಳ ನಡುವಿನ ಹಣ ಪಾವತಿಯ ಸಂದೇಶ ಸಾಗಿಸುವ ಸ್ವಿಫ್ಟ್ ಜಾಲದಿಂದ ಹೊರಗಾದವು, ಜುಲೈನಲ್ಲಿ ಆರ್‌ಬಿಐ ರೂಪಾಯಿಯಲ್ಲೇ ಲೆಕ್ಕ ತೀರಿಸುವ ವ್ಯವಸ್ಥೆ ತಂದಿತು. 2023ರ ಕೊನೆಯಿಂದ ಕೆಂಪು ಸಮುದ್ರದ ದಾಳಿಗಳಿಗೆ ಹೆದರಿ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದವು. 2025ರ ಆಗಸ್ಟ್‌ನಲ್ಲಿ ಭಾರತದ ಬಹಳಷ್ಟು ಸರಕಿನ ಮೇಲೆ ಅಮೆರಿಕದ ಹೆಚ್ಚುವರಿ ಸುಂಕ 50 ಶೇಕಡ ಮುಟ್ಟಿತು. ಬಟ್ಟೆಯಾದರೆ ಗೋದಾಮಿನಲ್ಲಿ ಇಟ್ಟು ಕಾಯಬಹುದು. ಬಳ್ಳಿ ಕಾಯುವುದಿಲ್ಲ ಅಲ್ವಾ, ಇವತ್ತಿನ ಕಾಯಿ ಇವತ್ತೇ ಕಾರ್ಖಾನೆ ಸೇರಬೇಕು. ಒಪ್ಪಂದದಲ್ಲಿ ರೈತರ ದರ ಮೊದಲೇ ನಿಗದಿಯಾಗಿರುತ್ತದೆ. ಹಾಗಾಗಿ ಈ ಹೊಡೆತ ಅವರಿಗೆ ತಟ್ಟುವುದು ಮುಂದಿನ ಹಂಗಾಮಿನಲ್ಲಿ, ಎಷ್ಟು ಎಕರೆಗೆ ಬೀಜ ಕೊಡುತ್ತಾರೆ ಅನ್ನುವುದರಲ್ಲಿ.

ಈಗ ಕೈಯಲ್ಲಿರುವುದು ಬೆಲೆಯ ಹಾಳೆ. ಹೊಲದ ದರದಿಂದ ಶುರುಮಾಡಿ ಚೆನ್ನೈ ಬಂದರಿನ ಎಫ್‌ಒಬಿ ಬೆಲೆ (ಹಡಗಿಗೆ ಏರಿಸುವವರೆಗಿನ ಬೆಲೆ), ಆಮೇಲೆ ಹಡಗಿನ ಬಾಡಿಗೆ ಮತ್ತು ವಿಮೆ ಸೇರಿದ ಹ್ಯಾಂಬರ್ಗ್‌ನ ಸಿಐಎಫ್ ಬೆಲೆ, ಅಲ್ಲಿಂದ ಅಂಗಡಿಯ ಜಾಡಿಯವರೆಗೆ ಒಂದೊಂದೇ ಸಾಲು ತುಂಬುತ್ತಿದ್ದೇನೆ. ಹೊಲದ ಸಾಲು, ಅಂಗಡಿಯ ಸಾಲು ಎರಡೂ ತುಂಬಿವೆ. ನಡುವೆ ಗ್ರೇಡಿಂಗ್ ಕೂಲಿ, ಡ್ರಮ್ಮಿನ ಖರ್ಚು, ಲ್ಯಾಬ್ ಪರೀಕ್ಷೆಯ ಸಾಲುಗಳು ಖಾಲಿ ಇವೆ. ಗರ್ಕಿನ್ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿದವರು ಯಾರಾದರೂ ಓದುತ್ತಿದ್ದರೆ, ಕೆಜಿಗೆ ಅಂದಾಜು ಎಷ್ಟು ಬೀಳುತ್ತದೆ ಅಂತ ದಯವಿಟ್ಟು ತಿಳಿಸಿ.