ಆಫೀಸಿನಲ್ಲಿ ಸಹಾಯ ಕೇಳೋದಕ್ಕೆ ಕಾಯಿಲೆಯ ಹೆಸರು ಹೇಳಲೇಬೇಕಾ?

ಡಿಪ್ರೆಶನ್ನೋ ಆಂಗ್ಸೈಟಿಯೋ ಇಟ್ಟುಕೊಂಡು ದಿನಾ ಕೆಲಸಕ್ಕೆ ಹೋಗುವವರ ತಲೆಯಲ್ಲಿ ಕೊರೆಯುವ ಪ್ರಶ್ನೆ ಒಂದೇ. ಮ್ಯಾನೇಜರ್‌ಗೆ ಹೇಳಲಾ, ಬೇಡವಾ? ನಾನೂ ತುಂಬಾ ದಿನ ಇದನ್ನೇ ಯೋಚಿಸಿದ್ದೆ. ಈಗ ನನಗೆ ಅನಿಸುವುದು ಬೇರೆ. ನನಗೆ ಏನಾಗಿದೆ ಅಂತ ಹೇಳುವುದು ಆಮೇಲಿನ ಮಾತು. ನನಗೆ ಏನು ಬೇಕು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು, ಅದನ್ನು ಕೇಳಬೇಕು.

ಹೊರಗಿನವರಿಗೆ ಏನೂ ಕಾಣುವುದಿಲ್ಲ, ಅದೇ ಕಷ್ಟ. ಲ್ಯಾಪ್‌ಟಾಪ್ ತೆರೆದಿರುತ್ತಿತ್ತು, ಮೇಲ್ ಓದುತ್ತಾ ಇರುತ್ತಿದ್ದೆ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲು ಮರೆತು ಹೋಗಿ ಮತ್ತೆ ಮೇಲಿನಿಂದ ಶುರು ಮಾಡುತ್ತಿದ್ದೆ. ಉತ್ತರ ಬರೆಯುವುದು, ಅಳಿಸುವುದು, ಇನ್ನೊಂದು ಥರ ಬರೆಯುವುದು, ಕೊನೆಗೆ "ಸರಿ, ನೋಡುತ್ತೇನೆ" ಅಂತ ಕಳಿಸುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತಿತ್ತು. ಯಾರಾದರೂ ನನ್ನ ಮೇಜಿನ ಕಡೆ ನಡೆದು ಬಂದರೆ ಎದೆ ಧಸಕ್ ಅನ್ನುತ್ತಿತ್ತು. ಇದು ಸೋಮಾರಿತನ ಅಲ್ಲ. ಗಮನ ನಿಲ್ಲದೇ ಇರುವುದು, ಸಣ್ಣ ತೀರ್ಮಾನಕ್ಕೂ ಒದ್ದಾಡುವುದು ಡಿಪ್ರೆಶನ್‌ನ ಲಕ್ಷಣಗಳಲ್ಲೇ ಸೇರಿವೆ. ಏನೂ ತಪ್ಪು ಮಾಡದೇ ಇದ್ದರೂ ತಪ್ಪಿತಸ್ಥರ ಹಾಗೆ ಅನಿಸುವುದು ಕೂಡ. ಅಂದರೆ "ನನ್ನಿಂದ ಎಲ್ಲರಿಗೂ ತೊಂದರೆ, ಕೇಳೋಕೆ ನನಗೇನು ಹಕ್ಕಿದೆ" ಅಂತ ಒಳಗಿಂದ ಒಂದು ಮಾತು ಬರುತ್ತದಲ್ಲ, ಅದೂ ಕಾಯಿಲೆ ಆಡಿಸುವ ಮಾತೇ. ಸಹಾಯ ಕೇಳಲು ಬೇಕಾದ ಧೈರ್ಯವನ್ನೇ ಅದು ಮೊದಲು ಕಿತ್ತುಕೊಳ್ಳುತ್ತದೆ. ಇದನ್ನು ಗೊತ್ತು ಮಾಡಿಕೊಂಡ ಮೇಲೆ ನನಗೆ ಸ್ವಲ್ಪ ಹಗುರಾಯಿತು.

ಇನ್ನೊಂದು ವಿಷಯ. ನಾವು ಒಬ್ಬಂಟಿ ಅಂತೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2019ರಲ್ಲಿ ದುಡಿಯುವ ವಯಸ್ಸಿನವರಲ್ಲಿ ಶೇ. 15ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಡಿಪ್ರೆಶನ್ ಮತ್ತು ಆಂಗ್ಸೈಟಿಯಿಂದಲೇ ಜಗತ್ತಿನಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ಹಾಳಾಗುತ್ತವೆ ಅಂತಲೂ ಅದು ಹೇಳುತ್ತದೆ. ಸ್ವಲ್ಪ ದೊಡ್ಡ ಟೀಮ್ ನೋಡಿಕೊಳ್ಳುವ ಯಾವ ಮ್ಯಾನೇಜರ್‌ಗೂ ನೀವೇ ಮೊದಲನೆಯವರು ಆಗಿರುವ ಸಾಧ್ಯತೆ ಕಡಿಮೆ. ಅವರ ಮುಂದೆ ಬಾಯಿ ಬಿಟ್ಟು ಕೇಳಿದವರಲ್ಲಿ ಮೊದಲನೆಯವರು ಆಗಿರಬಹುದು, ಅಷ್ಟೇ.

ಈಗ ಕೇಳುವ ವಿಷಯಕ್ಕೆ ಬರೋಣ. "ನನಗೆ ತುಂಬಾ ಕಷ್ಟ ಆಗ್ತಿದೆ" ಅಂದರೆ ಎದುರಿಗಿರುವವರಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ಒಳ್ಳೆಯವರಾದರೆ ಪಾಪ ಅನ್ನುತ್ತಾರೆ, ಎರಡು ದಿನ ರಜೆ ತಗೊಳ್ಳಿ ಅನ್ನುತ್ತಾರೆ. ರಜೆ ಮುಗಿದ ಮೇಲೆ ಅದೇ ಮೀಟಿಂಗ್, ಅದೇ ಡೆಡ್‌ಲೈನ್. ಹಾಗಾಗಿ ಕೇಳುವ ಮೊದಲು ಒಂದು ವಾರ ಸುಮ್ನೆ ಗಮನಿಸಿ. ದಿನದ ಯಾವ ಹೊತ್ತು ಜಾಸ್ತಿ ಕಷ್ಟ, ಯಾವ ಕೆಲಸ ಕೈಗೆ ಹತ್ತುವುದೇ ಇಲ್ಲ, ಯಾವುದು ಇನ್ನೂ ಚೆನ್ನಾಗಿ ಆಗುತ್ತಿದೆ ಅಂತ ಬರೆದಿಡಿ. ನನಗೆ ಬೆಳಗ್ಗೆಯೇ ದೊಡ್ಡ ತಲೆನೋವಾಗಿತ್ತು. ಹೊಸ ಮಾತ್ರೆ ಶುರುವಾಗಿತ್ತು, ಎದ್ದರೂ ಮಂಪರು ಬಿಡುತ್ತಿರಲಿಲ್ಲ, ಅಷ್ಟರಲ್ಲಿ ದಿನದ ಮೊದಲ ಮೀಟಿಂಗ್. ಬಾಯಲ್ಲಿ ಬಂದ ಸೂಚನೆಗಳು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ನಾನು ಕಳಿಸಿದ್ದು ಹೆಚ್ಚು ಕಡಿಮೆ ಹೀಗಿತ್ತು:

"ನನ್ನ ಆರೋಗ್ಯ ಸರಿ ಇಲ್ಲ, ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ. ಇನ್ನು ಒಂದೂವರೆ ತಿಂಗಳು ಬೆಳಗಿನ ಮೀಟಿಂಗ್‌ಗೆ ಬರುವ ಬದಲು ಅಪ್‌ಡೇಟ್ ಬರೆದು ಕಳಿಸಬಹುದಾ? ಹೊಸ ಕೆಲಸ ಏನಿದ್ದರೂ ಮೇಲ್‌ನಲ್ಲಿ ಬರೆದು ಕೊಟ್ಟರೆ ಅನುಕೂಲ. ಈಗ ಕೈಯಲ್ಲಿರುವ ಕೆಲಸ ನಾನೇ ಮುಗಿಸುತ್ತೇನೆ. ಆ ಅವಧಿ ಮುಗಿದ ಮೇಲೆ ಮತ್ತೆ ಮಾತಾಡೋಣ."

ಕಾಯಿಲೆಯ ಹೆಸರು ಎಲ್ಲೂ ಇಲ್ಲ, ನೋಡಿ. ಅವಧಿ ಹಾಕಿದ್ದಕ್ಕೂ ಕಾರಣ ಇದೆ. ಡಿಪ್ರೆಶನ್ ಮಾತ್ರೆಗಳು ಪೂರ್ತಿ ಕೆಲಸ ಮಾಡಲು ಸಾಮಾನ್ಯವಾಗಿ 4ರಿಂದ 8 ವಾರ ಬೇಕು, ಆದರೆ ಹೊಟ್ಟೆ ತೊಳಸುವುದು, ನಿದ್ದೆಯ ಏರುಪೇರು ಇವೆಲ್ಲ ಮೊದಲೇ ಬಂದುಬಿಡುತ್ತವೆ. ಆ ನಡುವಿನ ವಾರಗಳೇ ಕೆಲಸದಲ್ಲಿ ಅತಿ ಕಷ್ಟದವು. ಅದೂ ಅಲ್ಲದೆ ಕೊನೆಯ ದಿನ ಇದ್ದರೆ ಮ್ಯಾನೇಜರ್‌ಗೂ ಒಪ್ಪಿಕೊಳ್ಳುವುದು ಸುಲಭ.

ಅವರು ಕರೆದು "ಏನಾಗಿದೆ?" ಅಂತ ಕೇಳಿದರು. "ಡಾಕ್ಟರ್ ನೋಡ್ತಾ ಇದ್ದಾರೆ, ವಿವರ ಬೇಡ ಅನ್ಸುತ್ತೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪೆನ್ನು ತೆಗೆದುಕೊಂಡು, "ನಿಮ್ಮ ಹತ್ತಿರ ಇರುವುದರಲ್ಲಿ ಯಾವುದನ್ನು ಬೇರೆಯವರಿಗೆ ಕೊಡಲಿ?" ಅಂತ ಕೇಳಿದರು. ನನಗೆ ಗಂಟಲು ಕಟ್ಟಿತು, ಉತ್ತರ ಹೇಳಲು ಆಗದೇ ಕಾಗದದ ಮೇಲೆ ಬೆರಳಿಟ್ಟು ತೋರಿಸಿದೆ.

ಎಲ್ಲರಿಗೂ ಇಂಥವರೇ ಸಿಗುವುದಿಲ್ಲ ಅಂತ ನನಗೆ ಗೊತ್ತು. "ಸ್ಟ್ರೆಸ್ ಯಾರಿಗಿಲ್ಲ ಹೇಳಿ" ಅನ್ನುವವರೂ ಇದ್ದಾರೆ. ಅಂಥವರ ಹತ್ತಿರ ವಾದ ಮಾಡಲು ಹೋಗಬೇಡಿ, ಕೇಳಿದ್ದನ್ನೇ ಇನ್ನೊಮ್ಮೆ ಕೇಳಿ, ಆಮೇಲೆ ಮಾತಾಡಿದ್ದನ್ನೆಲ್ಲ ಮೇಲ್‌ನಲ್ಲಿ ಹಾಕಿ. ಬರಹದಲ್ಲಿ ಇರುವುದು ಮುಖ್ಯ. ಮ್ಯಾನೇಜರೇ ಸಮಸ್ಯೆ ಆಗಿದ್ದರೆ ಎಚ್‌ಆರ್ ಹತ್ತಿರ ಹೋಗಬೇಕಾಗುತ್ತದೆ, ಆದರೆ ಎಚ್‌ಆರ್‌ನವರಿಗೆ ಸಂಬಳ ಕೊಡುವುದು ಕಂಪನಿ ಅನ್ನುವುದು ನೆನಪಿರಲಿ, ಬೇಕಾದ್ದಷ್ಟೇ ಹೇಳಿ. ಕಂಪನಿಯ ಕೌನ್ಸೆಲರ್ ಇದ್ದರೆ, ನಾನು ಹೇಳಿದ್ದು ಯಾರ ಕಿವಿಗೆ ಹೋಗುತ್ತದೆ ಅಂತ ಬಾಯಿ ಬಿಡುವ ಮೊದಲೇ ಕೇಳಿ. ಡಾಕ್ಟರ್ ಹತ್ತಿರ ಪತ್ರ ತರಲು ಹೇಳಿದರೆ, ಕಾಯಿಲೆಯ ಹೆಸರಿಲ್ಲದೆ "ಇವರಿಗೆ ಇಷ್ಟು ದಿನ ಈ ಬದಲಾವಣೆ ಬೇಕು" ಅಂತಷ್ಟೇ ಬರೆದುಕೊಡಲು ಕೇಳಬಹುದು.

ಇದು ದಯೆ ಬೇಡುವುದಲ್ಲ ಅಂತ ಒತ್ತಿ ಹೇಳಬೇಕು ಅನಿಸುತ್ತದೆ. ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಅಂಗವಿಕಲರ ಹಕ್ಕುಗಳ ಒಪ್ಪಂದದಲ್ಲಿ ದೀರ್ಘಕಾಲದ ಮಾನಸಿಕ ಸಮಸ್ಯೆ ಇರುವವರೂ ಬರುತ್ತಾರೆ, ಕೆಲಸದ ಜಾಗದಲ್ಲಿ ಅವರಿಗೆ ಬೇಕಾದ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕು ಅಂತ ಅದರಲ್ಲೇ ಇದೆ. ಎಷ್ಟೋ ದೇಶಗಳ ಕಾನೂನಿನಲ್ಲೂ ಇದೆ. ನಿಮ್ಮ ಕಂಪನಿಯ ನಿಯಮದ ಪುಸ್ತಕವನ್ನು ಒಮ್ಮೆ ತೆರೆದು ನೋಡಿ.

ಆದರೆ ಕೆಲಸವೇ ನಿಮ್ಮನ್ನು ಹಿಂಡಿ ಹಾಕುತ್ತಿದ್ದರೆ ಮೀಟಿಂಗ್ ಟೈಮ್ ಬದಲಾಯಿಸಿ ಪ್ರಯೋಜನ ಇಲ್ಲ. ಬರ್ನ್‌ಔಟ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಅಂತ ಕರೆಯುವುದಿಲ್ಲ, ನಿಭಾಯಿಸದೇ ಬಿಟ್ಟ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅನ್ನುತ್ತದೆ. ಆಗ ಕೆಲಸದ ಹೊರೆಯನ್ನೇ ಇಳಿಸಲು ಕೇಳಬೇಕು. ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರಂತೂ ಆಫೀಸಿನ ಮಾತೆಲ್ಲ ಆಮೇಲೆ. ಮೀಟಿಂಗ್ ನಡುವೆ ಇದ್ದರೂ ಎದ್ದು ಬನ್ನಿ, ಡಾಕ್ಟರ್‌ಗೋ ಸಹಾಯವಾಣಿಗೋ ನಂಬಿಕೆಯ ಒಬ್ಬರಿಗೋ ಆಗಲೇ ಫೋನ್ ಮಾಡಿ.

ಕೇಳಿಕೊಂಡ ಅವಧಿ ಮುಗಿದಾಗ ನಾನು ಪೂರ್ತಿ ಸರಿ ಹೋಗಿರಲಿಲ್ಲ. ಹೇಳಿದ ಹಾಗೆ ಮತ್ತೆ ಕೂತು ಮಾತಾಡಿದೆವು. ಬೆಳಗಿನ ಮೀಟಿಂಗ್‌ಗೆ ಬರುತ್ತೇನೆ ಅಂದೆ, ಹೊಸ ಪ್ರಾಜೆಕ್ಟ್ ಮಾತ್ರ ಇನ್ನೂ ಸ್ವಲ್ಪ ದಿನ ಬೇಡ ಅಂದೆ. ಅವರು ಒಪ್ಪಿದರು. ಸೂಚನೆಗಳನ್ನು ಬರೆದು ಕೊಡುವುದನ್ನು ನಾವು ನಿಲ್ಲಿಸಲೇ ಇಲ್ಲ, ಈಗ ಇಡೀ ಟೀಮ್‌ಗೆ ಹಾಗೇ ಬರುತ್ತದೆ.