ತರಗೆಲೆ ಇದ್ದ ಕಡೆ ಇರಲಿ ಬಿಡಿ

ಪಾರ್ಕ್ ಅಭಿವೃದ್ಧಿ ಅಂದ ಕೂಡಲೇ ಬೆಂಗಳೂರಲ್ಲಿ ಮೊದಲು ಬಂದು ನಿಲ್ಲುವುದು ಪೇವರ್ ಬ್ಲಾಕ್ ತುಂಬಿದ ಲಾರಿ. ಆಮೇಲೆ ಬಣ್ಣದ ಲೈಟು, ಕಾರಂಜಿ, ಒಂದು ಸಿಮೆಂಟ್ ಜಿಂಕೆ. ಉದ್ಘಾಟನೆಗೆ ಚೆನ್ನಾಗಿರುತ್ತದೆ, ಅಷ್ಟೇ.

ಕಬ್ಬನ್ ಪಾರ್ಕಿನಲ್ಲಿ ನನಗೆ ತುಂಬಾ ಹಿಡಿಸಿದ ಕೆಲಸ ಹೋಗಿಬರುವವರ ಕಣ್ಣಿಗೇ ಬೀಳುವುದಿಲ್ಲ. ಅಲ್ಲಿ ಹೂಳು, ಕಸ ತುಂಬಿ ಎಲ್ಲರೂ ಮರೆತೇಬಿಟ್ಟಿದ್ದ ಏಳು ಹಳೇ ಬಾವಿಗಳಿದ್ದವು. ಕೆಲವು ವರ್ಷಗಳ ಹಿಂದೆ, ತಲೆಮಾರುಗಳಿಂದ ಬಾವಿ ತೋಡಿಕೊಂಡು ಬಂದಿರುವ ಮಣ್ಣು ವಡ್ಡರನ್ನು ಕರೆಸಿ ಅವುಗಳ ಹೂಳೆತ್ತಿಸಿದರು. ನೀರು ಬಂತು! ಸಾವಿರ ಅಡಿ ಬೋರ್ ಕೊರೆಸಿದರೂ ಬರೀ ಧೂಳು ಏಳುವ ಊರಿನ ನಟ್ಟನಡುವೆ.

ಅದೇನು ಪವಾಡ ಅಲ್ಲ. 1870ರಲ್ಲಿ, ಮೈಸೂರು ರಾಜ್ಯದ ಚೀಫ್ ಎಂಜಿನಿಯರ್ ಆಗಿದ್ದ ಸ್ಯಾಂಕಿ ಸಾಹೇಬರ ಕಾಲದಲ್ಲಿ ಸುಮಾರು 100 ಎಕರೆಯಲ್ಲಿ ಶುರುವಾದ ಪಾರ್ಕ್ ಇದು, ಆಮೇಲೆ ಇನ್ನೂ ಬೆಳೆಯಿತು. ಇಷ್ಟು ಕಾಲ ಎಲೆ ಬಿದ್ದು ಕೊಳೆತು ಮಣ್ಣಾದ ನೆಲದಲ್ಲಿ ಮಳೆ ನೀರು ಹರಿದು ಓಡುವುದಿಲ್ಲ, ಇಂಗುತ್ತದೆ.

ಬಿದಿರು ಮೆಳೆಯ ಹತ್ತಿರ ತರಗೆಲೆಯನ್ನು ಸ್ವಲ್ಪ ಸರಿಸಿ ನೋಡಿ. ಮೇಲಿನದು ಗರಿಗರಿ, ಕೆಳಗಿನದು ಒದ್ದೆ, ಅದರ ಕೆಳಗೆ ಎಲೆ ಯಾವುದು ಮಣ್ಣು ಯಾವುದು ಗೊತ್ತಾಗುವುದಿಲ್ಲ. ಎರೆಹುಳ, ಇರುವೆ, ಗೆದ್ದಲು ಎಲ್ಲ ಅಲ್ಲೇ. ಮಡಿವಾಳ ಹಕ್ಕಿ ಬಾಲ ಎತ್ತಿಕೊಂಡು ಬಂದು ಹುಳ ಹೆಕ್ಕುವುದೂ ಅಲ್ಲೇ. ಒಣಗಿದ ಕೊಂಬೆಯೂ ಹಾಗೆಯೇ, ಸುಮ್ನೆ ಕಡಿದು ಹಾಕುವ ವಸ್ತುವಲ್ಲ. ಕುಟ್ರು ಹಕ್ಕಿ ಗೂಡು ಕೊರೆಯುವುದು ಅದರಲ್ಲೇ, ಅದು ಬಿಟ್ಟುಹೋದ ಪೊಟರೆಗೆ ಗಿಳಿ, ಮೈನಾಗಳು ಬಾಡಿಗೆ ಕೊಡದ ಬಾಡಿಗೆದಾರರಂತೆ ಬಂದು ಸೇರಿಕೊಳ್ಳುತ್ತವೆ. ದಾರಿ ಮೇಲೆ ಬೀಳುವಂತಿದ್ದರೆ ಕಡಿಯಲಿ, ಒಳಗಡೆ ಇರುವುದನ್ನಾದರೂ ಬಿಡಬಹುದಲ್ವಾ?

ಮನುಷ್ಯರಿಗೂ ಬೇಕಾಗಿರುವುದು ಜಾಸ್ತಿ ಏನಿಲ್ಲ. ಭಾನುವಾರ ಒಳಗಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ. ಅವತ್ತು ಮಕ್ಕಳು ರಸ್ತೆ ನಡುವೆಯೇ ಸೈಕಲ್ ಕಲಿಯುತ್ತಾರೆ, ಮೊಣಕಾಲು ನೋವಿನ ಅಜ್ಜಿಯೂ ಹಿಂದಿನಿಂದ ಯಾವ ಬೈಕ್ ಬರುತ್ತದೋ ಅನ್ನುವ ಗಾಬರಿಯಿಲ್ಲದೆ ನಡೆಯುತ್ತಾರೆ. ನನ್ನ ಕೇಳಿದರೆ ವಾರವಿಡೀ ಹೀಗೇ ಇರಬೇಕು. ಹಡ್ಸನ್ ಸರ್ಕಲ್ ಕಡೆಯಿಂದ ಬರುವವರಿಗೆ ಶಾರ್ಟ್‌ಕಟ್ ತಪ್ಪುತ್ತದೆ, ನಿಜ. ತಪ್ಪಲಿ ಬಿಡಿ.

ನಿಮ್ಮ ಲೇಔಟಿನ ಪಾರ್ಕಿಗೆ ಈ ವರ್ಷ ದುಡ್ಡು ಬಂದರೆ, ಕಾರಂಜಿ ಕೇಳುವ ಮೊದಲು ಮರಗಳ ಬುಡದ ಸಿಮೆಂಟ್ ಒಡೆಸಿ. ಗುಡಿಸಿದ ಎಲೆಗೆ ಬೆಂಕಿ ಹಚ್ಚದೆ ಒಂದು ಮೂಲೆಯಲ್ಲಿ ಗುಂಡಿ ಮಾಡಿ ಹಾಕಿಸಿ. ಇದಕ್ಕೆ ಟೆಂಡರ್ ಕೂಡ ಬೇಕಾಗಿಲ್ಲ.