ಕೇಂದ್ರ ಊರಿನಲ್ಲಿದೆ, ದನಿ ಬೇರೆಲ್ಲಿಂದಲೋ ಬರುತ್ತಿದೆ

ಐದು ಗಂಟೆಯ ರೇಡಿಯೊ ಕಾರ್ಯಕ್ರಮವನ್ನು ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಬಹುದು. ಅಮೆರಿಕದ ವಾಣಿಜ್ಯ ಕೇಂದ್ರಗಳಲ್ಲಿ ಇದಕ್ಕೆ ವಾಯ್ಸ್ ಟ್ರ್ಯಾಕಿಂಗ್ ಅನ್ನುತ್ತಾರೆ. ಗಂಟೆಗೆ ನಾಲ್ಕೈದು ಸಲ ಮಾತು, ಸಲಕ್ಕೆ ಹದಿನೈದು ಸೆಕೆಂಡು ಎಂದಿಟ್ಟುಕೊಳ್ಳಿ. ಐದು ಗಂಟೆಗೆ ಸೇರಿ ಮಾತು ಆರು ನಿಮಿಷದ ಆಸುಪಾಸು. ಮಿಕ್ಕಿದ್ದೆಲ್ಲ ಹಾಡು, ಜಾಹೀರಾತು, ಮೊದಲೇ ಮಾಡಿಟ್ಟ ಜಿಂಗಲ್.

ನಿರೂಪಕನ ಮುಂದೆ ಕಂಪ್ಯೂಟರಿನಲ್ಲಿ ದಿನದ ಲಾಗ್, ಅಂದರೆ ಯಾವುದರ ನಂತರ ಯಾವುದು ಎಂಬ ಪಟ್ಟಿ, ತೆರೆದಿರುತ್ತದೆ. ಮುಗಿಯುತ್ತಿರುವ ಹಾಡಿನ ಕೊನೆಯ ಕೆಲವು ಸೆಕೆಂಡು ಮಾತ್ರ ಕೇಳಿಸುತ್ತದೆ. ರೆಕಾರ್ಡ್ ಒತ್ತಿ ಮಾತು ಶುರು ಮಾಡುತ್ತಾನೆ, ನಡುವೆ ಇನ್ನೊಂದು ಕೀ ಒತ್ತಿದರೆ ಮುಂದಿನ ಹಾಡಿನ ವಾದ್ಯ ಮಾತಿನ ಕೆಳಗೆ ಹರಿಯತೊಡಗುತ್ತದೆ. ಇಂಟ್ರೊ, ಅಂದರೆ ಗಾಯನ ಶುರುವಾಗುವ ಮುಂಚಿನ ವಾದ್ಯ, 14 ಸೆಕೆಂಡು ಎಂದು ಗುರುತಿದ್ದರೆ 13ಕ್ಕೆ ಮಾತು ನಿಲ್ಲಿಸಬೇಕು, ಕಸುಬು ಇರುವುದು ಅಲ್ಲಿಯೇ. ಗುರುತು ತಪ್ಪಿದ್ದರೆ ಮಾತು ಹೋಗಿ ಹಾಡಿನ ಮೊದಲ ಸಾಲಿನ ಮೇಲೆ ಕೂರುತ್ತದೆ. ದನಿ ತುಂಬಿಟ್ಟ ಮೇಲೆ ಯಾರಾದರೂ ಲಾಗಿನಲ್ಲಿ ಹಾಡು ಬದಲಿಸಿದರೆ ಹೇಳಿದ್ದು ಒಂದು, ಬಂದದ್ದು ಇನ್ನೊಂದು.

ಇವೆಲ್ಲ ಸಣ್ಣ ತಪ್ಪುಗಳು, ತಿದ್ದಬಹುದು. ತಿದ್ದಲಾಗದ ತೊಂದರೆ ಬೇರೆ. ನಿನ್ನೆ ಮಧ್ಯಾಹ್ನ ತುಂಬಿಟ್ಟ ದನಿಗೆ ಇವತ್ತಿನ ಬಿರುಗಾಳಿ ಗೊತ್ತಿಲ್ಲ. ಹಾಗಾಗಿ ಮಳೆ, ಟ್ರಾಫಿಕ್, ನಿನ್ನೆಯ ಪಂದ್ಯ, ಹಳಸುವಂಥ ಯಾವುದನ್ನೂ ಆಡದಿರುವುದೇ ಕ್ಷೇಮ. ಅವನ್ನು ಬಿಟ್ಟರೆ ಊರಿನ ಬಗ್ಗೆ ಆಡಲು ಏನು ಉಳಿಯಿತು? ಅದೇ ನಿರೂಪಕ ಅದೇ ದಿನ ಇನ್ನೂ ನಾಲ್ಕು ಊರುಗಳಿಗೆ ಮಾತಾಡಬೇಕಾದಾಗ ಊರಿನ ಹೆಸರೊಂದೇ ಬದಲಾಗುತ್ತದೆ.

ಖಾಲಿ ಕಟ್ಟಡದಲ್ಲಿ ಕಾವಲಿಗೆ ಸೈಲೆನ್ಸ್ ಸೆನ್ಸರ್ ಎಂಬ ಪೆಟ್ಟಿಗೆ ಇರುತ್ತದೆ. ದನಿ ನಿಂತು ನಿಗದಿತ ಸಮಯ, ಉದಾಹರಣೆಗೆ 30 ಸೆಕೆಂಡು, ದಾಟಿದರೆ ಅದು ಬದಲಿ ಹಾಡುಪಟ್ಟಿಯನ್ನು ಓಡಿಸಿ ಎಂಜಿನಿಯರಿಗೆ ಸಂದೇಶ ಕಳಿಸುತ್ತದೆ. ಆದರೆ ಅದಕ್ಕೆ ಗೊತ್ತಾಗುವುದು ಮೌನ ಮಾತ್ರ. ಒಂದೇ ಜಾಹೀರಾತು ಮತ್ತೆ ಮತ್ತೆ ಸುತ್ತುತ್ತಿದ್ದರೂ ಅದರ ಪಾಲಿಗೆ ಎಲ್ಲವೂ ಸರಿ.

ಇಂಟರ್ನೆಟ್ ಬಂದು ಸ್ಥಳೀಯ ರೇಡಿಯೊವನ್ನು ಕೊಂದಿತು ಎನ್ನುವವರು ಇಸವಿಗಳನ್ನು ಒಮ್ಮೆ ನೋಡಬೇಕು. 1996ರ ಫೆಬ್ರವರಿ 8ರಂದು ದೂರಸಂಪರ್ಕ ಕಾಯಿದೆಗೆ ಸಹಿ ಬಿತ್ತು. ಅಲ್ಲಿಯವರೆಗೆ ದೇಶದಾದ್ಯಂತ ಒಬ್ಬ ಮಾಲೀಕ ಹೆಚ್ಚೆಂದರೆ 20 ಎಎಂ, 20 ಎಫ್‌ಎಂ ಕೇಂದ್ರ ಇಟ್ಟುಕೊಳ್ಳಬಹುದಿತ್ತು. ಆ ಮಿತಿಯೇ ಹೋಯಿತು. 45ಕ್ಕಿಂತ ಕಡಿಮೆ ಇಲ್ಲದಷ್ಟು ಕೇಂದ್ರಗಳಿರುವ ನಗರ ಮಾರುಕಟ್ಟೆಯಲ್ಲಿ ಒಬ್ಬರೇ 8 ಕೇಂದ್ರಗಳವರೆಗೆ ಇಟ್ಟುಕೊಳ್ಳಬಹುದು ಎಂದಾಯಿತು. 1996ರಲ್ಲಿ ಸುಮಾರು 40 ಕೇಂದ್ರಗಳಿದ್ದ ಕ್ಲಿಯರ್ ಚಾನೆಲ್ ಎಂಬ ಕಂಪನಿ ಕೆಲವೇ ವರ್ಷಗಳಲ್ಲಿ 1,200ರ ಗಡಿ ಮುಟ್ಟಿತು. ಆಗ ಜನರ ಕೈಯಲ್ಲಿ ಸ್ಮಾರ್ಟ್‌ಫೋನೂ ಇರಲಿಲ್ಲ, ಸ್ಟ್ರೀಮಿಂಗ್ ಆ್ಯಪೂ ಇರಲಿಲ್ಲ.

ಕೊಂಡದ್ದು ಸಾಲದಲ್ಲಿ. 2008ರಲ್ಲಿ ಎರಡು ಹೂಡಿಕೆ ಸಂಸ್ಥೆಗಳು ಕ್ಲಿಯರ್ ಚಾನೆಲನ್ನು ಖರೀದಿಸಿದಾಗ ಆ ಖರೀದಿಯ ಸಾಲ ಕಂಪನಿಯ ತಲೆಯ ಮೇಲೆಯೇ ಕೂತಿತು. ಅದೇ ವರ್ಷ ಜಾಹೀರಾತು ಮಾರುಕಟ್ಟೆ ಕುಸಿಯಿತು. ಬಡ್ಡಿ ಕಟ್ಟಲು ಎಲ್ಲಕ್ಕಿಂತ ಬೇಗ ಕೈಗೆ ಸಿಗುವ ಉಳಿತಾಯವೆಂದರೆ ಸಂಬಳ. 2014ರಲ್ಲಿ ಐಹಾರ್ಟ್‌ಮೀಡಿಯಾ ಎಂದು ಹೆಸರು ಬದಲಿಸಿಕೊಂಡ ಕಂಪನಿ 2018ರ ಮಾರ್ಚ್‌ನಲ್ಲಿ ಸುಮಾರು 2,000 ಕೋಟಿ ಡಾಲರ್ ಸಾಲದೊಂದಿಗೆ ದಿವಾಳಿ ರಕ್ಷಣೆ ಕೋರಿತು. ಅದಕ್ಕೂ ಮುಂಚೆ, 2017ರಲ್ಲಿ, ಇನ್ನೊಂದು ದೊಡ್ಡ ರೇಡಿಯೊ ಕಂಪನಿ ಕ್ಯುಮುಲಸ್ ಅದೇ ದಾರಿ ಹಿಡಿದಿತ್ತು.

ಹೊಸ ಮಾಧ್ಯಮದ ಪೆಟ್ಟೂ ನಿಜ, ಆದರೆ ಅದು ಬಿದ್ದದ್ದು ಹೀಗೆ ಬಡಕಲಾಗಿದ್ದ ಮೈ ಮೇಲೆ. ಟ್ರಾನ್ಸ್‌ಮಿಟರಿಗೆ ಹತ್ತು ಜನ ಕೇಳಿದರೂ ಹತ್ತು ಸಾವಿರ ಜನ ಕೇಳಿದರೂ ಕರೆಂಟ್ ಬಿಲ್ ಒಂದೇ. ಸ್ಟ್ರೀಮಿಂಗಿನಲ್ಲಿ ಕೇಳುಗರು ಹೆಚ್ಚಿದಷ್ಟೂ ಖರ್ಚು. ಅಮೆರಿಕದ ಕಾನೂನಿನಲ್ಲಿ ಗಾಳಿಯ ಮೇಲೆ ಹಾಕಿದ ಹಾಡಿಗೆ ಬರೆದವರಿಗಷ್ಟೇ ರಾಯಧನ. ಅದೇ ಹಾಡು ಇಂಟರ್ನೆಟ್ಟಿಗೆ ಹೋದರೆ ಹಾಡಿದವರಿಗೂ ರೆಕಾರ್ಡ್ ಕಂಪನಿಗೂ ಕೊಡಬೇಕು. ಸ್ಟ್ರೀಮಿಗೆ ಜಾಹೀರಾತು ಸಿಗದ ಸಣ್ಣ ಕೇಂದ್ರಕ್ಕೆ ಕೇಳುಗರು ಹೆಚ್ಚಿದ್ದೇ ನಷ್ಟವಾಗುತ್ತದೆ.

ಕೋಣೆಯಲ್ಲಿ ಒಬ್ಬ ಮನುಷ್ಯ ಇರುವುದು ಯಾಕೆ ಮುಖ್ಯ ಎಂದು ಕೇಳಿದರೆ ನಾರ್ತ್ ಡಕೋಟದ ಮೈನಾಟ್ ಊರನ್ನು ನೆನೆಯಬೇಕು. 2002ರ ಜನವರಿ 18, ರಾತ್ರಿ 1.37. ಗೂಡ್ಸ್ ರೈಲಿನ 31 ಬೋಗಿಗಳು ಹಳಿ ತಪ್ಪಿದವು, ಐದು ಟ್ಯಾಂಕರ್ ಒಡೆದು ಅಮೋನಿಯಾ ಮೋಡ ಮನೆಗಳತ್ತ ಸರಿಯಿತು. ಒಬ್ಬರು ಸತ್ತರು, ನೂರಾರು ಜನರಿಗೆ ಚಿಕಿತ್ಸೆ ಬೇಕಾಯಿತು. ಊರಿನ ಆರೂ ವಾಣಿಜ್ಯ ಕೇಂದ್ರಗಳು ಕ್ಲಿಯರ್ ಚಾನೆಲಿನವು. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ ಎಂದರು ಪೊಲೀಸರು. ಸಿಬ್ಬಂದಿ ಇದ್ದರು, ಪೊಲೀಸರ ಎಚ್ಚರಿಕೆ ಯಂತ್ರವೇ ಸರಿಯಾಗಿ ಹೊಂದಿಸಿರಲಿಲ್ಲ ಎಂದಿತು ಕಂಪನಿ.

ಎರಡೂ ಮಾತಿಗೆ ಅರ್ಥವಿದೆ, ಏಕೆಂದರೆ ಯಂತ್ರ ಕೆಲಸ ಮಾಡುವುದು ಸರಪಳಿಯಾಗಿ. ಪೊಲೀಸರ ಎಚ್ಚರಿಕೆ ಪೆಟ್ಟಿಗೆ ಡಿಜಿಟಲ್ ಶಿರೋನಾಮೆಯನ್ನು ಮೂರು ಸಲ ಕಳಿಸಬೇಕು: ಯಾವ ಬಗೆಯ ಅಪಾಯ, ಯಾವ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಎಷ್ಟು ಹೊತ್ತು. ಆಮೇಲೆ 853 ಮತ್ತು 960 ಹರ್ಟ್ಜ್‌ನ ಆ ಕರ್ಕಶ ಜೋಡಿ ದನಿ, ನಂತರ ಮಾತು. ಕೇಂದ್ರದ ಪೆಟ್ಟಿಗೆಯಲ್ಲಿ ಆ ಅಪಾಯದ ಸಂಕೇತವನ್ನು ತಾನಾಗಿ ದಾಟಿಸು ಎಂದು ಹೊಂದಿಸಿರದಿದ್ದರೆ ಪ್ರಸಾರಕ್ಕೆ ಏನೂ ಬರುವುದಿಲ್ಲ. ರಾಷ್ಟ್ರಮಟ್ಟದ ಎಚ್ಚರಿಕೆ ಕಡ್ಡಾಯ, ಊರಿನ ಎಚ್ಚರಿಕೆ ಐಚ್ಛಿಕ. ಒಂದು ಕೊಂಡಿ ಬಿಟ್ಟುಹೋದಾಗ ಮೈಕ್ ಎತ್ತಿಕೊಂಡು "ಕಿಟಕಿ ಮುಚ್ಚಿ, ಹೊರಗೆ ಬರಬೇಡಿ" ಅನ್ನುವ ಕೆಲಸ ಮನುಷ್ಯನದು. ಆರು ಕೇಂದ್ರಕ್ಕೆ ಆರು ಮಾಲೀಕರಿದ್ದಿದ್ದರೆ ಆರು ಬಾಗಿಲು ತಟ್ಟಬಹುದಿತ್ತು.

ಪರವಾನಗಿ ಪಡೆದ ಊರಿನಲ್ಲಿ ಅಥವಾ ಹತ್ತಿರದಲ್ಲಿ ಸ್ಟುಡಿಯೊ ಇರಲೇಬೇಕು ಎಂಬ ಹಳೆಯ ನಿಯಮವನ್ನು ಪ್ರಸಾರದ ಪರವಾನಗಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಸಿಸಿ 2017ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿತು. ನನಗೆ ಇದು 1996ರ ಕಾಯಿದೆಯಷ್ಟೇ ದೊಡ್ಡ ತಪ್ಪು ಅನ್ನಿಸುತ್ತದೆ.

ಸ್ಥಳೀಯ ರೇಡಿಯೊ ಇನ್ನೂ ಉಸಿರಾಡುತ್ತಿರುವುದು ಸಣ್ಣ ಕೇಂದ್ರಗಳಲ್ಲಿ. 2000ದಲ್ಲಿ ಬಂದ ಕಡಿಮೆ ಶಕ್ತಿಯ ಎಫ್‌ಎಂ ಪರವಾನಗಿ ಲಾಭಕ್ಕಲ್ಲದ ಸಂಸ್ಥೆಗಳಿಗೆ ಮಾತ್ರ. 100 ವಾಟ್, 30 ಮೀಟರ್ ಎತ್ತರದ ಆಂಟೆನಾ, ಸುಮಾರು ಐದೂವರೆ ಕಿಲೋಮೀಟರ್ ವ್ಯಾಪ್ತಿ. ಆ ವೃತ್ತದೊಳಗೆ ಯಾವ ರಸ್ತೆಗೆ ನೀರು ನುಗ್ಗಿದೆ ಎಂದು ಹೇಳಲು ಅಷ್ಟು ಸಾಕು. ದೊಡ್ಡ ಕೇಂದ್ರಗಳಲ್ಲಿ, ನಿಯಮದ ಪ್ರಕಾರ, ಗಂಟೆಗೊಮ್ಮೆ ಕರೆಸಂಕೇತದ, ಅಂದರೆ ಕೇಂದ್ರವನ್ನು ಗುರುತಿಸುವ ಅಕ್ಷರಗಳ, ಬೆನ್ನಿಗೇ ಊರಿನ ಹೆಸರು ಹೇಳಬೇಕು. ಅದೂ ಈಗ ಮೊದಲೇ ತುಂಬಿಟ್ಟ ದನಿಯೇ.